ನಾಲ್ಕು ಸಾವಿರ ಲೀಟರ್, ಮೂರು ಕಿಲೋಮೀಟರ್: ಹಳೆಯ ಟ್ರ್ಯಾಕ್ಟರಿನ ನೀರಿನ ಲೆಕ್ಕ

ಸಾವಿರ ಅಡಿ ಆಳದ ಬೋರ್‌ವೆಲ್‌ನಿಂದ 4,000 ಲೀಟರ್ ನೀರೆತ್ತಲು ಎಷ್ಟು ಕರೆಂಟು ಬೇಕು? ಸಾವಿರ ಅಡಿ ಎಂದರೆ 305 ಮೀಟರ್. ಬರೀ ಭಾರ ಎತ್ತುವ ಲೆಕ್ಕ ಹಾಕಿದರೆ 3.3 ಯೂನಿಟ್. ಪಂಪು, ಮೋಟರು, ಪೈಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ವ್ಯರ್ಥವಾಗುತ್ತದೆ ಎಂದು ಹಿಡಿದರೂ ಏಳೂವರೆ ಯೂನಿಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ಯೂನಿಟ್ಟಿಗೆ ₹8ರಂತೆ ₹60. ಅದೇ ನೀರನ್ನು ಹಳೆಯ ಟ್ರ್ಯಾಕ್ಟರಿನಲ್ಲಿ ಐದು ಕಿ.ಮೀ. ಎಳೆದು, ಖಾಲಿ ಟ್ಯಾಂಕರ್ ವಾಪಸ್ ತರಲು ಸುಮಾರು ಎರಡೂವರೆ ಲೀಟರ್ ಡೀಸೆಲ್ ಬೇಕು, ಅಂದರೆ ₹228. ಪಾತಾಳದಿಂದ ಮೇಲೆತ್ತಿದ್ದಕ್ಕಿಂತ ಪಕ್ಕದೂರಿಗೆ ಎಳೆದದ್ದಕ್ಕೆ ನಾಲ್ಕು ಪಟ್ಟು ಹತ್ತಿರ ಖರ್ಚು. ಟ್ಯಾಂಕರ್ ನೀರಿನ ದರದ ಬಗ್ಗೆ ಜಗಳವಾಗುವಾಗ ಈ ಎರಡು ಅಂಕಿಗಳನ್ನು ಯಾರೂ ಅಕ್ಕಪಕ್ಕ ಇಟ್ಟು ನೋಡುವುದಿಲ್ಲ.

ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಂಥ ಊರಿಗೆ ಈ ಲೆಕ್ಕ ತೀರಾ ಹತ್ತಿರದ್ದು. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ನೆಲಮಂಗಲ. ನಡುವೆ ಬಡಾವಣೆಗಳು, ಗೋದಾಮುಗಳು, ಕಾರ್ಖಾನೆ ಕಾರ್ಮಿಕರ ಬಾಡಿಗೆ ಮನೆಗಳು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರಿಗೆ ಮೊದಲ ಕೊಳವೆ ನೀರು ಕೊಟ್ಟ ಹೆಸರಘಟ್ಟ ಕೆರೆ ಇಲ್ಲಿಂದ ದೂರವೇನಲ್ಲ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಕಾವೇರಿ ಐದನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಬಂದದ್ದು. ಆ ಗೆರೆಯ ಆಚೆಗಿರುವ ಊರುಗಳಿಗೆ ಬೇಸಿಗೆಯಲ್ಲಿ ಬೋರು, ಬೋರು ಕೈಕೊಟ್ಟರೆ ಟ್ಯಾಂಕರು. ಉಳುವ ಹೊಲ ಸೈಟಾದ ಮೇಲೆ ಮನೆಯಲ್ಲಿ ಉಳಿದ ಟ್ರ್ಯಾಕ್ಟರಿಗೆ ಸಿಕ್ಕ ಎರಡನೇ ಜನ್ಮವೂ ಇದೇ.

2024ರ ಮಾರ್ಚ್ ನೆನಪಿಸಿಕೊಳ್ಳಿ. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ತಿಂಗಳು ಅದು. 12,000 ಲೀಟರ್ ಲೋಡಿನ ಬೆಲೆ ₹2,000 ದಾಟಿತ್ತು. ಆಗ ಬೆಂಗಳೂರು ನಗರ ಜಿಲ್ಲಾಡಳಿತ ದರ ಕಟ್ಟಿತು. ಐದು ಕಿ.ಮೀ. ಒಳಗೆ 6,000 ಲೀಟರಿಗೆ ₹600, 8,000ಕ್ಕೆ ₹700, 12,000ಕ್ಕೆ ₹1,000. ಐದರಿಂದ ಹತ್ತು ಕಿ.ಮೀ.ವರೆಗೆ ₹750, ₹850, ₹1,200. ಜಿಎಸ್‌ಟಿ ಬೇರೆ. ಲೀಟರಿನ ಮೇಲೆ ಹಾಕಿದರೆ ಐದು ಕಿ.ಮೀ. ಒಳಗೆ 10 ಪೈಸೆ, 8.75 ಪೈಸೆ, 8.33 ಪೈಸೆ. ಈ ಪಟ್ಟಿಯಲ್ಲಿ ಇದ್ದದ್ದೆಲ್ಲ ಲಾರಿಯ ಅಳತೆ. 4,000 ಲೀಟರ್ ಎಳೆಯುವ ಟ್ರ್ಯಾಕ್ಟರಿಗೆ ಸಾಲೇ ಇರಲಿಲ್ಲ. ಇದರಲ್ಲಿನ 10 ಪೈಸೆಯ ದರವನ್ನು ಅದಕ್ಕೆ ಅನ್ವಯಿಸಿದರೆ ಲೋಡಿಗೆ ₹400 ಬರುತ್ತದೆ. ಅಷ್ಟರಲ್ಲಿ ಗಿಟ್ಟುತ್ತದೆಯೇ?

ನಾನು ಹಾಕಿರುವ ಲೆಕ್ಕ ಊಹೆಗಳ ಮೇಲೆ ನಿಂತದ್ದು. ಆ ಊಹೆಗಳನ್ನು ಇಲ್ಲೇ ಬಿಚ್ಚಿಡುತ್ತೇನೆ, ಓದುಗರು ತಮ್ಮ ಅಂಕಿ ಹಾಕಿ ತಿದ್ದಿಕೊಳ್ಳಬಹುದು. ಗಾಡಿ 35 ಎಚ್‌.ಪಿ. ಆಸುಪಾಸಿನ ಹಳೆಯದು. ತುಂಬಿದಾಗ ಲೀಟರಿಗೆ 3.3 ಕಿ.ಮೀ., ಖಾಲಿ ಬರುವಾಗ 5 ಕಿ.ಮೀ. 2025ರ ಏಪ್ರಿಲ್‌ನಲ್ಲಿ ರಾಜ್ಯ ತೆರಿಗೆ ಏರಿಸಿದ ಮೇಲೆ ಇದ್ದಂತೆ ಡೀಸೆಲ್ ಲೀಟರಿಗೆ ₹91. ತುಂಬಲು 25 ನಿಮಿಷ, ಹೋಗಲು 20, ಸಂಪಿಗೆ ಬಿಡಲು 20, ವಾಪಸ್ 15. ಒಟ್ಟು 80 ನಿಮಿಷ, ಎಂಟು ಗಂಟೆಯಲ್ಲಿ ಆರು ಟ್ರಿಪ್. ಡ್ರೈವರ್ ಕೂಲಿ ದಿನಕ್ಕೆ ₹900. ಫೆಬ್ರುವರಿ ಕೊನೆಯಿಂದ ಮೇ ಕೊನೆಯವರೆಗೆ ನೂರು ದಿನ, 600 ಲೋಡು, 6,000 ಕಿ.ಮೀ.

ರಿಪೇರಿಯ ಖರ್ಚನ್ನು ಜನ ಮರೆಯುವುದೇ ಹೆಚ್ಚು. ಈ 600 ಲೋಡಿಗೆ ಇಂಜಿನ್ ಸುಮಾರು 550 ಗಂಟೆ ಓಡುತ್ತದೆ. 250 ಗಂಟೆಗೊಮ್ಮೆ ಆಯಿಲ್ ಬದಲಿಸಿದರೆ ಎರಡು ಸಲಕ್ಕೆ ಫಿಲ್ಟರ್ ಸೇರಿ ₹6,000. ಹಿಂದಿನ ಎರಡು ಟೈರಿಗೆ ₹36,000. ಮಣ್ಣಿಗೆಂದು ಮಾಡಿದ ಟೈರಿನ ಗುಬುಟುಗಳು ಡಾಂಬರಿನ ಮೇಲೆ ಬೇಗ ಸವೆಯುತ್ತವೆ, ಎರಡು ಸೀಸನ್ ಬಂದರೆ ವರ್ಷಕ್ಕೆ ₹18,000. ನಿಂತು ಹೊರಡುವ ಓಡಾಟದಲ್ಲಿ ಕ್ಲಚ್ ಪ್ಲೇಟಿಗೆ ಕೂಲಿ ಸಹಿತ ₹12,000. ಬ್ರೇಕು, ಬೇರಿಂಗು, ನಾಜಲ್, ಹಿಚ್ ಪಿನ್ನಿಗೆ ಇನ್ನೊಂದು ₹12,000. ನಾಲ್ಕು ವರ್ಷಕ್ಕೊಮ್ಮೆ ಲೈನರ್, ಪಿಸ್ಟನ್ ಬದಲಿಸುವ ₹50,000ದ ಇಂಜಿನ್ ಕೆಲಸಕ್ಕೆ ವರ್ಷಕ್ಕೆ ₹12,500 ಎತ್ತಿಡಬೇಕು. ಒಟ್ಟು ₹60,500, ಲೋಡಿಗೆ ₹100.

ಈಗ ಕೂಡಿಸಿ. ಡೀಸೆಲ್ ₹228, ಡ್ರೈವರ್ ₹150, ಕರೆಂಟು ₹60, ರಿಪೇರಿ ₹100. ಐದು ಕಿ.ಮೀ. ದೂರದ ಒಂದು ಲೋಡಿಗೆ ₹538, ಲೀಟರಿಗೆ 13.4 ಪೈಸೆ. ಮಾಲೀಕನಿಗೆ ಒಂದು ರೂಪಾಯಿ ಲಾಭವಿಲ್ಲದೆ, ಬೋರು ಕೊರೆಸಿದ ಹಣ ಲೆಕ್ಕಕ್ಕೆ ಹಿಡಿಯದೆ, ಇಷ್ಟು. ₹400ಕ್ಕೆ ಕೊಟ್ಟರೆ ₹138 ನಷ್ಟ. ದೂರ ಎರಡು ಕಿ.ಮೀ.ಗೆ ಇಳಿದರೆ ಚಿತ್ರವೇ ಬೇರೆ. ಡೀಸೆಲ್ ಒಂದು ಲೀಟರ್, ₹91. ಗಂಟೆಗೊಂದು ಟ್ರಿಪ್ ಆಗುವುದರಿಂದ ಕೂಲಿ ₹113. ಕರೆಂಟು ₹60, ರಿಪೇರಿಯೂ ಹತ್ತಿರ ಹತ್ತಿರ ₹60. ಒಟ್ಟು ₹324, ಲೋಡಿಗೆ ₹76 ಉಳಿತಾಯ. ಇವೆರಡರ ನಡುವೆ ಗೆರೆ ಎಳೆದರೆ ಲಾಭ–ನಷ್ಟ ಸರಿಸಮವಾಗುವುದು ಮೂರು ಕಿ.ಮೀ. ಸುತ್ತ. 12,000 ಲೀಟರಿನ ಲಾರಿಯೂ ಲೀಟರಿಗೆ ನಾಲ್ಕು ಕಿ.ಮೀ. ಓಡುತ್ತದೆಂದು ಹಿಡಿದರೆ ಐದು ಕಿ.ಮೀ.ಗೆ ಅದೇ ಎರಡೂವರೆ ಲೀಟರ್ ಡೀಸೆಲ್ ಕುಡಿದು ಮೂರು ಪಟ್ಟು ನೀರು ತರುತ್ತದೆ. ಡೀಸೆಲ್ ಭಾಗ ಲಾರಿಯಲ್ಲಿ ಲೀಟರ್ ನೀರಿಗೆ 1.9 ಪೈಸೆ, ಟ್ರ್ಯಾಕ್ಟರಿನಲ್ಲಿ 5.7.

ಹಾಗೆಂದು ಟ್ರ್ಯಾಕ್ಟರ್ ಬೇಡವೆಂದಲ್ಲ. ಲಾರಿ ತಿರುಗದ ಸಂದಿಯಲ್ಲಿ, 4,000 ಲೀಟರಿಗಿಂತ ದೊಡ್ಡ ಸಂಪು ಇಲ್ಲದ ಮನೆಯ ಮುಂದೆ ಅದೇ ಬೇಕು. ದರ ಕಟ್ಟುವವರು ಮೂರು ಕಿ.ಮೀ. ಒಳಗಿನ 4,000 ಲೀಟರಿಗೆಂದೇ ಒಂದು ಸಾಲು ಸೇರಿಸಬೇಕು. ಇಲ್ಲದಿದ್ದರೆ ನಷ್ಟದ ಅಂತರವನ್ನು ಮಾಲೀಕರು ಟ್ಯಾಂಕರ್ ಪೂರ್ತಿ ತುಂಬದೆ ಸರಿದೂಗಿಸಿಕೊಳ್ಳುವ ದಾರಿ ತೆರೆದಂತಾಗುತ್ತದೆ. ಕೊಳ್ಳುವವರ ಕಷ್ಟವೂ ಚಿಕ್ಕದಲ್ಲ. ತಲೆಗೆ 135 ಲೀಟರಿನಂತೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಬೇಕು, ಅಂದರೆ ನಾಲ್ಕು ಲೋಡು, ₹1,600. ನಗರದ ಜಲಮಂಡಳಿಯ 2025ಕ್ಕೆ ಮುಂಚಿನ ದರದಲ್ಲಿ ಅಷ್ಟೇ ನೀರಿಗೆ ಇತರ ಶುಲ್ಕ ಬಿಟ್ಟು ₹146. ಹನ್ನೊಂದು ಪಟ್ಟಿನ ಈ ವ್ಯತ್ಯಾಸವನ್ನು ತೆರುವವರು ಹೆಚ್ಚಾಗಿ ಬಾಡಿಗೆ ಮನೆಯವರು.

ಹೊಸ ಗಾಡಿ ಯಾಕೆ ಬೇಡ ಎಂಬುದಕ್ಕೂ ಅಂಕಿಯೇ ಉತ್ತರ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ನಿಜ. ಆದರೂ ₹6 ಲಕ್ಷದ ಗಾಡಿಗೆ ಶೇ 10ರ ಬಡ್ಡಿ ವರ್ಷಕ್ಕೆ ₹60,000. 600 ಲೋಡಿಗೆ ಹಂಚಿದರೆ ಬಡ್ಡಿಯೊಂದೇ ಲೋಡಿಗೆ ₹100. ಹಳೆಯ ಗಾಡಿಯ ಇಡೀ ವರ್ಷದ ರಿಪೇರಿ ಅಷ್ಟರಲ್ಲಿ ಮುಗಿಯುತ್ತದೆ. ಅಸಲು ಎಂದೋ ತೀರಿರುವ ಮ್ಯಾಸಿ 1035, ಮಹೀಂದ್ರಾ ಬಿ-275 ಓಡುವುದು ಈ ಕಾರಣಕ್ಕೇ. ಎಚ್‌ಎಂಟಿ 2511 ಮಾತ್ರ ಯೋಚಿಸಿ ಕೊಳ್ಳಬೇಕಾದ ಗಾಡಿ. ಬೆಂಗಳೂರಿನಲ್ಲೇ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಜೆಟರ್ ಸಹಯೋಗದಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಆ ಘಟಕ ಮುಚ್ಚುವ ತೀರ್ಮಾನವಾಯಿತು. ಬಿಡಿಭಾಗ ಸಿಗದಿದ್ದರೆ ಪೀಣ್ಯದಲ್ಲಿ ಲೇತ್ ಕೆಲಸ ಮಾಡಿಸಬಹುದು, ಆದರೆ ಏಪ್ರಿಲ್‌ನಲ್ಲಿ ಮೂರು ದಿನ ಗಾಡಿ ನಿಂತರೆ 18 ಲೋಡು ಹೋಯಿತು.

ಹೊಲ ಬಿಟ್ಟ ಹಳೆಯ ಯಂತ್ರ ಒಂದೇ ಋತುವಿನ ಕೆಲಸಕ್ಕೆ ಬದುಕುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ 1960ರ ದಶಕದ ಪುಟ್ಟ ಗಾರ್ಡನ್ ಟ್ರ್ಯಾಕ್ಟರುಗಳನ್ನು ಚಳಿಗಾಲದಲ್ಲಿ ಅಂಗಳದ ಹಿಮ ತಳ್ಳಲು ಇಂದಿಗೂ ಓಡಿಸುತ್ತಾರೆ. ಅವುಗಳಲ್ಲಿ ಹೆಸರಾದ ಕಬ್ ಕೆಡೆಟ್ ಅನ್ನು 1961ರಲ್ಲಿ ತಂದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್. ನಮ್ಮ ಬಿ-275ರ ಮೂಲವೂ ಅದೇ ಕಂಪನಿ. ಹಿಡಿತಕ್ಕಾಗಿ ಟೈರಿಗೆ ನೀರು ತುಂಬುವ ಉಪಾಯವೂ ಎರಡೂ ಕಡೆ ಒಂದೇ. ಅಲ್ಲಿ ಅದು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. 12.4-28 ಅಳತೆಯ ಹಿಂದಿನ ಟೈರಿಗೆ ಮುಕ್ಕಾಲು ತುಂಬಿದರೆ ಸುಮಾರು 150 ಲೀಟರ್ ಹಿಡಿಯುತ್ತದೆ, ಎರಡಕ್ಕೆ ಮೂರು ಕ್ವಿಂಟಲ್.

ಹಿಡಿತಕ್ಕಿಂತ ನನಗೆ ಭಯ ಬ್ರೇಕಿನದು. 4,000 ಲೀಟರ್ ನೀರು ನಾಲ್ಕು ಟನ್. 1.4 ಮೀಟರ್ ವ್ಯಾಸ, 2.6 ಮೀಟರ್ ಉದ್ದದ ಟ್ಯಾಂಕಿಗೆ 4 ಮಿ.ಮೀ. ತಗಡು ಹಾಕಿದರೆ ತಗಡೇ 455 ಕೆ.ಜಿ. ಚಾಸಿ, ಆಕ್ಸಲ್, ಚಕ್ರ ಸೇರಿ ಖಾಲಿ ಟ್ಯಾಂಕರ್ 1.2 ಟನ್ ಆಗುತ್ತದೆ. 1.8 ಟನ್ ತೂಗುವ ಟ್ರ್ಯಾಕ್ಟರ್ ತನ್ನ ಸವೆದ ಬ್ರೇಕಿನಿಂದ ಬೆನ್ನ ಹಿಂದಿನ 5.2 ಟನ್ನನ್ನೂ ತಡೆಯಬೇಕು, ಏಕೆಂದರೆ ಟ್ಯಾಂಕರಿಗೆ ಬ್ರೇಕು ಇರುವುದೇ ಅಪರೂಪ. ಅರ್ಧ ತುಂಬಿದ ಟ್ಯಾಂಕರ್ ಇನ್ನೂ ಅಪಾಯಕಾರಿ. ಒಳಗೆ ಅಡ್ಡ ತಗಡು ಬೆಸೆಯದಿದ್ದರೆ ಬ್ರೇಕ್ ಹಾಕಿದಾಗ ಎರಡು ಟನ್ ನೀರು ಒಂದೇ ಸಲ ಮುಂದಕ್ಕೆ ನುಗ್ಗುತ್ತದೆ. ತುಮಕೂರು ಹೆದ್ದಾರಿಯ ವೇಗದ ನಡುವೆ 15 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಹಿಂದೆ ದೀಪ, ಹೊಳೆಯುವ ಪಟ್ಟಿ, ಹಿಚ್ಚಿಗೆ ಸುರಕ್ಷತಾ ಸರಪಳಿ ಇರಲೇಬೇಕು. ಡ್ರೈವರಿನ ಜೀವದ ಪ್ರಶ್ನೆ ಇದು. ಕೃಷಿಗೆಂದು ವಿಮೆ ಮಾಡಿಸಿದ ಗಾಡಿ ನೀರು ಮಾರುವಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಆಗ ಬೀದಿಗೆ ಬರುವುದು ಎರಡು ಮನೆ.

ಟ್ಯಾಂಕಿನ ಒಳಗೂ ಕಣ್ಣಿಡಬೇಕು. ವಾಲ್ವು ನಿಮಿಷಕ್ಕೆ ಒಂದು ಲೀಟರ್ ಸೋರಿದರೆ 20 ನಿಮಿಷದ ದಾರಿಗೆ 20 ಲೀಟರ್. 600 ಲೋಡಿಗೆ 12,000 ಲೀಟರ್, ಪೂರ್ತಿ ಮೂರು ಲೋಡು ರಸ್ತೆಯ ಪಾಲು. ಬದಲಿಸಬೇಕಾದದ್ದು ಒಂದು ವಾಷರ್. ಲೀಟರಿಗೆ 2 ಮಿ.ಗ್ರಾಂ ಲೆಕ್ಕದಲ್ಲಿ 4,000 ಲೀಟರ್ ನೀರಿಗೆ ಕ್ಲೋರಿನ್ ಹಾಕಲು ಶೇ 25ರ ಬ್ಲೀಚಿಂಗ್ ಪೌಡರ್ 32 ಗ್ರಾಂ ಸಾಕು.

ಜೂನ್ ಮಳೆ ಬಂದ ಮೇಲೆ ಎಂಟು ತಿಂಗಳು ಗಾಡಿ ನಿಲ್ಲುತ್ತದೆ. ಓಡಿದ್ದಕ್ಕಿಂತ ಈ ನಿಲುಗಡೆಯಲ್ಲೇ ಹೆಚ್ಚು ಹಾಳಾಗುತ್ತದೆ. ಡೀಸೆಲ್ ಟ್ಯಾಂಕು ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ಇಳಿದು ಪಂಪು, ನಾಜಲ್ ಕೆಡಿಸುತ್ತದೆ, ಆದ್ದರಿಂದ ತುಂಬಿಸಿಯೇ ನಿಲ್ಲಿಸಬೇಕು. ಬ್ಯಾಟರಿ ಟರ್ಮಿನಲ್ ಕಳಚಿಡಿ. ನೀರಿನ ಟ್ಯಾಂಕು ತೊಳೆದು, ಒಣಗಿಸಿ, ಕೆಳಗಿನ ವಾಲ್ವು ತೆರೆದಿಟ್ಟು ಮೇಲಿನ ಮುಚ್ಚಳಕ್ಕೆ ಜಾಲರಿ ಕಟ್ಟಿ. ಟೈರಿನ ಭಾರ ಇಳಿಯುವಂತೆ ಆಕ್ಸಲ್ ಕೆಳಗೆ ದಿಮ್ಮಿ ಕೊಡಿ. ತಿಂಗಳಿಗೊಮ್ಮೆ ಬ್ಯಾಟರಿ ಸಿಕ್ಕಿಸಿ ಅರ್ಧ ಗಂಟೆ ಇಂಜಿನ್ ಓಡಿಸಿದರೆ ಎಂಟು ತಿಂಗಳಿಗೆ ಆಗುವ ಡೀಸೆಲ್ ಖರ್ಚು ಸಾವಿರ ರೂಪಾಯಿ ಮೀರದು. ಬ್ರೇಕ್ ಲೈನರ್, ಕ್ಲಚ್ ಕೆಲಸ ಜನವರಿಯಲ್ಲೇ ಮಾಡಿಸಿ. ಮಾರ್ಚಿಗೆ ಮೆಕ್ಯಾನಿಕ್ ಮುಂದೆ ಸಾಲು ನಿಲ್ಲುವ ಹೊತ್ತಿಗೆ ನಿಮ್ಮ ಗಾಡಿ ಮೂರು ಕಿ.ಮೀ. ಒಳಗಿನ ಮನೆಗಳಿಗೆ ದಿನಕ್ಕೆ ಎಂಟು ಲೋಡು ಹಾಕುತ್ತಿರಬೇಕು.