ಓಡುವ ಮನೆಯ ಬಚ್ಚಲು: ಬಿರುಕಿಗೆ ಫೈಬರ್ ಮದ್ದು

ಹೊಸಪೇಟೆ ಬಿಟ್ಟು ಬಳ್ಳಾರಿ ದಾರಿ ಹಿಡಿದರೆ ಪಾಪಿನಾಯಕನಹಳ್ಳಿ ಸಿಗುತ್ತದೆ. ಸುತ್ತಲಿನವರಿಗೆ ಪಿ.ಕೆ. ಹಳ್ಳಿ ಎಂದೇ ರೂಢಿ. ಒಂದು ಮಗ್ಗುಲಿಗೆ ಸಂಡೂರಿನ ಅದಿರು ಗುಡ್ಡಗಳು, ಇನ್ನೊಂದು ಮಗ್ಗುಲಿಗೆ ಹಂಪಿ, ಕಂಪ್ಲಿಯ ಬಂಡೆ, ಹೊಳೆ, ಗದ್ದೆಗಳು. ನಡುವಿನ ಹೆದ್ದಾರಿಯಲ್ಲಿ ದಶಕಗಳಿಂದ ಲಾರಿಗಳದೇ ಓಡಾಟ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆಗೆ ತಡೆ ಹಾಕಿದಾಗ ಎಷ್ಟೋ ಲಾರಿಗಳು ನಿಂತಲ್ಲೇ ನಿಂತವು. ಮುಂದೆ ಮಿತಿಯೊಳಗೆ ಗಣಿಗಳು ತೆರೆದಾಗ ಗಾಡಿಗಳೂ ರಸ್ತೆಗೆ ಮರಳಿದವು. ಲಾರಿ ಇದ್ದಲ್ಲಿ ಅದರ ಕೆಲಸದವರೂ ಇರುತ್ತಾರೆ. ಪಂಕ್ಚರ್, ವೆಲ್ಡಿಂಗ್, ಟಿಂಕರಿಂಗ್, ಲೇತ್, ಪೇಂಟಿಂಗ್ ಎಲ್ಲರ ಕಣ್ಣಿಗೂ ಬೀಳುತ್ತವೆ. ಅವುಗಳ ಮಗ್ಗುಲಲ್ಲೇ ಇದ್ದರೂ ಹೆಚ್ಚು ಜನ ಗಮನಿಸದ ಕಸುಬು ಒಂದಿದೆ. ಅದು ಫೈಬರ್ ಕೆಲಸ.

ಬಸ್ಸಿನ ಬಂಪರ್, ಲಾರಿ ಕ್ಯಾಬಿನ್ನಿನ ಮೇಲಿನ ಗಾಳಿತಡೆ, ನೀರಿನ ಟ್ಯಾಂಕು, ರೈಲಿನ ಶೌಚಾಲಯದ ಗೋಡೆ, ಎಲ್ಲೆಲ್ಲೂ ಫೈಬರ್ ಗ್ಲಾಸ್ ಇದೆ. ಒಡೆದರೆ ಬೆಸೆಯಲು ವೆಲ್ಡಿಂಗ್ ಕಡ್ಡಿ ಬಾರದು, ಬಡಿದು ನೇರ ಮಾಡಲು ಸುತ್ತಿಗೆಯೂ ಬಾರದು. ಅದಕ್ಕೆ ಬೇರೆಯದೇ ಕೈ ಬೇಕು. ಆ ಕೈಯ ಕಸುವು ಪೂರ್ತಿ ಬಯಲಾಗುವುದು ಬಂಪರಿನಲ್ಲಲ್ಲ, ಹಳೆಯ ಮೋಟರ್‌ಹೋಮಿನ ಬಚ್ಚಲಿನಲ್ಲಿ. ಅಡುಗೆ, ಹಾಸಿಗೆ, ಸ್ನಾನ ಎಲ್ಲವನ್ನೂ ಹೊತ್ತು ಓಡುವ ಆ ಗಾಡಿಯ ಶವರ್ ಟ್ರೇ ಬಿರುಕು ಬಿಟ್ಟರೆ ಏನು ಮಾಡಬೇಕೆಂದು ತಿಳಿದರೆ ಈ ಕಸುಬಿನ ಮುಕ್ಕಾಲು ಪಾಲು ತಿಳಿದಂತೆ.

ಹಂಪಿಯ ದಾರಿಯಲ್ಲಿ ಓಡುವ ಮನೆಗಳು

ಯುರೋಪಿನಿಂದ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ವ್ಯಾನುಗಳಲ್ಲಿ ಬರುವ ವಾಡಿಕೆ 1960–70ರ ದಶಕಗಳಲ್ಲಿ ಜೋರಾಗಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಒಂದರ ಹಿಂದೊಂದು ನಡೆದು ಆ ದಾರಿ ಮುಚ್ಚಿತು. ಆದರೂ ಸ್ವಂತ ಗಾಡಿಯಲ್ಲೇ ಖಂಡ ದಾಟಿ ಬರುವವರು ಇಂದಿಗೂ ಇದ್ದಾರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ ಅಂಥವರಿಗೆ ತಪ್ಪಿಸಲಾಗದ ನಿಲ್ದಾಣ. ಅವರಲ್ಲಿ ಕೆಲವರ ಗಾಡಿಗಳಿಗೆ ನಾಲ್ಕು ದಶಕ ದಾಟಿರುತ್ತದೆ. ಅವುಗಳ ಬಚ್ಚಲ ಟ್ರೇ ಈಗ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ‘ಕಾರ್ನೆ’ ಎಂಬ ತಾತ್ಕಾಲಿಕ ಪರವಾನಗಿ ಪತ್ರದ ಮೇಲೆ ದೇಶದೊಳಗೆ ಬಂದ ಗಾಡಿಗೆ ಹೊರಗಿನಿಂದ ಬಿಡಿಭಾಗ ತರಿಸುವುದೂ ಸುಲಭವಲ್ಲ. ರಿಪೇರಿಯೊಂದೇ ಉಳಿದ ದಾರಿ.

ನಮ್ಮವರ ಗಾಡಿಗಳೂ ಹಿಂದೆ ಬಿದ್ದಿಲ್ಲ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತು. 2021ರಲ್ಲಿ ಕೇರಳ ಕಾರವಾನ್‌ಗಳಿಗೆಂದೇ ನೀತಿ ಪ್ರಕಟಿಸಿತು. ದೇಶದಲ್ಲಿ ತಯಾರಾಗುವ ಇಂಥ ವಾಹನಗಳಿಗೆ ಎಐಎಸ್-124 ಎಂಬ ಮಾನಕವೂ ಇದೆ. 2008ರಲ್ಲಿ ಆರಂಭವಾಗಿ ಹಂಪಿಗಾಗಿ ಹೊಸಪೇಟೆಗೆ ಬರುವ ಗೋಲ್ಡನ್ ಚಾರಿಯಟ್ ರೈಲಿನಲ್ಲಿ ಪ್ರತಿ ಕೋಣೆಗೂ ಒಂದು ಸ್ನಾನಗೃಹವಿದೆ. ಓಡುವ ಬಚ್ಚಲುಗಳು ಹೆಚ್ಚಿದಷ್ಟೂ ಅವುಗಳನ್ನು ನೋಡಿಕೊಳ್ಳುವ ಕೈಗಳೂ ಹೆಚ್ಚಬೇಕು.

ಬಿರುಕು ಮೇಲೆ, ಕಾರಣ ಕೆಳಗೆ

ಕಮಲಾಪುರದ ಬಳಿ ರಾಣಿಯರ ಸ್ನಾನಗೃಹ ನೋಡಿದವರಿಗೆ ಅದರ ಕೊಳ ನೆನಪಿರಬಹುದು. ಸುಮಾರು 15 ಮೀಟರ್ ಚೌಕ, 1.8 ಮೀಟರ್ ಆಳ, ಕಲ್ಲು ಇಟ್ಟಿಗೆಗಳ ಮೇಲೆ ಸುಣ್ಣದ ಗಾರೆ. ಅದರ ತಳ ನೆಲಕ್ಕೆ ಕೂತಿದೆ, ಅಲುಗುವ ಪ್ರಶ್ನೆಯೇ ಇಲ್ಲ. ಮೋಟರ್‌ಹೋಮಿನ ಟ್ರೇಗೆ ಆ ಭಾಗ್ಯವಿಲ್ಲ. ಮೂರು ಮಿಲಿಮೀಟರ್ ದಪ್ಪದ ಹಾಳೆಯೊಂದು ನಾಲ್ಕು ಅಂಚುಗಳ ಮೇಲೆ ಕೂತು, ನಡುವೆ ಟೊಳ್ಳಾಗಿ, ಗುಂಡಿ ಬಿದ್ದ ರಸ್ತೆಯ ಕುಲುಕಾಟವನ್ನೂ ಮನುಷ್ಯನ ಭಾರವನ್ನೂ ಹೊರಬೇಕು. ಕಾಲಿಟ್ಟಾಗಲೆಲ್ಲ ಅದು ಒಂದಿಷ್ಟು ಬಗ್ಗುತ್ತದೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಕೊನೆಗೆ ದಣಿದು ಸೀಳುತ್ತದೆ. ಸೀಳು ಹೆಚ್ಚಾಗಿ ಕಾಣಿಸುವುದು ನೀರು ಹೋಗುವ ತೂತಿನ ಸುತ್ತ, ಇಲ್ಲವೇ ಮೂಲೆಯ ತಿರುವಿನಲ್ಲಿ.

ಹಾಗಾಗಿ ಈ ಕೆಲಸದ ಮೊದಲ ಪಾಠ ಇದು: ಮೇಲಿನ ಬಿರುಕು ಮುಚ್ಚಿದರೆ ಸಾಲದು, ಕೆಳಗಿನ ಆಸರೆ ಸರಿಮಾಡಬೇಕು. ಬಿರುಕಿನ ಮೇಲೆ ಸಿಲಿಕೋನ್ ಬಳಿದು ಕಳಿಸಿದರೆ ಕೆಲವೇ ವಾರಗಳಲ್ಲಿ ಅದೇ ಜಾಗ ಮತ್ತೆ ಬಾಯ್ಬಿಡುತ್ತದೆ. ಅಷ್ಟರೊಳಗೆ ನೀರು ಕೆಳಗಿನ ಪ್ಲೈವುಡ್ಡಿಗೆ ಇಳಿದು ಗಾಡಿಯ ನೆಲವನ್ನೇ ಕೊಳೆಸಿರುತ್ತದೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ತೂತಿಗೆ ಬಿರಡೆ ಹಾಕಿ, ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ ಒಂದು ರಾತ್ರಿ ಬಿಟ್ಟರೆ ಸೋರಿಕೆ ತಿಳಿಯುತ್ತದೆ. ಬರಿಗಾಲಲ್ಲಿ ನಿಂತು ಮೆಲ್ಲಗೆ ಭಾರ ಬದಲಿಸಿದರೆ ಎಲ್ಲಿ ತಗ್ಗುತ್ತಿದೆ ಎಂದು ಪಾದಕ್ಕೇ ಗೊತ್ತಾಗುತ್ತದೆ. ಇನ್ನು ಟ್ರೇ ಯಾವುದರಿಂದ ಆಗಿದೆ ಎಂಬ ಪ್ರಶ್ನೆ. ಕಣ್ಣಿಗೆ ಬೀಳದ ಮೂಲೆಯೊಂದನ್ನು ಅಸಿಟೋನ್‌ನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಬೇಕು. ಮೇಲ್ಮೈ ಮೆತ್ತಗಾಗಿ ಅಂಟಿದರೆ ಎಬಿಎಸ್ ಪ್ಲಾಸ್ಟಿಕ್, ಏನೂ ಆಗದಿದ್ದರೆ ಫೈಬರ್ ಗ್ಲಾಸ್. ಎರಡಕ್ಕೂ ಮದ್ದು ಬೇರೆ ಬೇರೆ. ಈ ಒಂದು ನಿಮಿಷದ ಪರೀಕ್ಷೆ ತಪ್ಪಿಸಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ನಾರು ಮತ್ತು ಅಂಟು

ಫೈಬರ್ ಗ್ಲಾಸ್ ಎಂದರೆ ಗಾಜಿನ ನಾರು, ಅದನ್ನು ಹಿಡಿದಿಡುವ ರೆಸಿನ್. ಎಳೆತವನ್ನು ನಾರು ತಾಳುತ್ತದೆ, ಆಕಾರವನ್ನೂ ನೀರುತಡೆಯನ್ನೂ ರೆಸಿನ್ ಕೊಡುತ್ತದೆ. ತುಂಗಭದ್ರೆಯ ಹರಿಗೋಲಿನದೂ ಇದೇ ಜಾಣ್ಮೆ: ಬಿದಿರಿನ ಹೆಣಿಗೆ ಭಾರ ಹೊರುತ್ತದೆ, ಮೇಲಿನ ಹೊದಿಕೆ ನೀರು ತಡೆಯುತ್ತದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳ ಬಗ್ಗೆ ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ಫೈಬರ್ ಟ್ರೇಯ ರಿಪೇರಿ ಹೀಗೆ ಸಾಗುತ್ತದೆ. ಮೊದಲು ತೂತಿನ ಜೋಡಣೆ, ಅಂಚಿನ ಸಿಲಿಕೋನ್, ತಿರುಪುಗಳನ್ನು ಬಿಚ್ಚಿ ಟ್ರೇ ಹೊರತೆಗೆಯಬೇಕು. ಕೆಳಗಿನ ಪ್ಲೈವುಡ್ ಕೊಳೆತಿದ್ದರೆ ಆ ಭಾಗ ಕತ್ತರಿಸಿ, ಐಎಸ್ 710 ಮಾನಕದ ಮರೈನ್ ಪ್ಲೈ ಕೂರಿಸಬೇಕು. ಬಳಿಕ ಬಿರುಕಿನ ಎರಡೂ ತುದಿಗೆ ಮೂರು ಮಿಲಿಮೀಟರ್ ಬಿಟ್ಟಿನಿಂದ ಒಂದೊಂದು ತೂತು. ಸೀಳಿನ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ಅದನ್ನು ದುಂಡಗೆ ಮಾಡಿದರೆ ಒತ್ತಡ ಹಂಚಿಹೋಗಿ ಸೀಳು ಮುಂದೆ ಓಡುವುದು ನಿಲ್ಲುತ್ತದೆ.

ಟ್ರೇಯ ಹಿಂಬದಿಯಲ್ಲಿ ಬಿರುಕಿನ ಎರಡೂ ಕಡೆ ಇಳಿಜಾರಾಗಿ ಉಜ್ಜುವುದು ಮುಂದಿನ ಹಂತ. ಒಂದು ಮಿಲಿಮೀಟರ್ ದಪ್ಪಕ್ಕೆ 12 ಮಿಲಿಮೀಟರ್ ಅಗಲ ಎಂಬುದು ಒಳ್ಳೆಯ ಲೆಕ್ಕ. ಮೂರು ಮಿಲಿಮೀಟರ್ ಟ್ರೇಗೆ ಪ್ರತಿ ಕಡೆ 36 ಮಿಲಿಮೀಟರ್. ಹೊಸ ಪದರ ಹಳೆಯದಕ್ಕೆ ಅಂಟುವುದು ಈ ಅಗಲದ ಮೇಲೆಯೇ. 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿ, ಅಸಿಟೋನ್‌ನಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಸೋಪಿನ ಜಿಡ್ಡು, ತೇವ, ಹಳೆಯ ಸಿಲಿಕೋನಿನ ಕಲೆ ಉಳಿದರೆ ಮೇಲೆ ಎಷ್ಟು ಪದರ ಹಾಕಿದರೂ ಸಿಪ್ಪೆಯೇಳುತ್ತದೆ.

ಆಮೇಲೆ ಮ್ಯಾಟು, ಅಂದರೆ ಗಾಜಿನ ನಾರಿನ ಹಾಸು. 300 ಅಥವಾ 450 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಟಿನ ಎರಡು ಮೂರು ತುಂಡುಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿಕೊಂಡರೆ ಅಂಚುಗಳು ಒಂದೇ ಗೆರೆಗೆ ಬೀಳುವುದಿಲ್ಲ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು. ಹೆಚ್ಚಾದರೆ ಪದರ ಗಡುಸಾಗಿ ಒಡೆಯುತ್ತದೆ, ಕಡಿಮೆಯಾದರೆ ನಾರು ಒಣಗಿ ನೀರು ನುಸುಳುತ್ತದೆ. ಸದಾ ನೀರು ತಾಗುವ ಜಾಗಕ್ಕೆ ಸಾಮಾನ್ಯ ಜಿ.ಪಿ. ರೆಸಿನ್‌ಗಿಂತ ಐಸೋ ರೆಸಿನ್ ಮೇಲು. ಪ್ರತಿ ಪದರವನ್ನೂ ಲೋಹದ ರೋಲರಿನಿಂದ ಒತ್ತಿ ಗಾಳಿಗುಳ್ಳೆ ಹೊರಹಾಕಬೇಕು. ಒಳಗೆ ಉಳಿದ ಗುಳ್ಳೆಯೇ ನಾಳಿನ ಬಿರುಕಿನ ಬೀಜ.

ಹೊಸಪೇಟೆ ಸೀಮೆಯ ಬಿಸಿಲು ಈ ಕೆಲಸಕ್ಕೆ ದೊಡ್ಡ ಪರೀಕ್ಷೆ. ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಸಾಮಾನ್ಯವಾಗಿ ಶೇ 1ರಿಂದ 2ರಷ್ಟು. ಸೆಕೆ 40 ಡಿಗ್ರಿ ಮುಟ್ಟುವ ಏಪ್ರಿಲ್–ಮೇ ತಿಂಗಳಲ್ಲಿ ಶೇ 2ರಷ್ಟು ಹಾಕಿದರೆ ರೆಸಿನ್ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಡಿಮೆ ಅಳತೆ, ಬೆಳಗಿನ ತಂಪು ಹೊತ್ತು, ಒಂದು ಸಲಕ್ಕೆ ಕಾಲು ಕಿಲೋದಷ್ಟೇ ಕಲಸುವುದು ಕ್ಷೇಮ. ಆದರೆ ಶೇ 1ಕ್ಕಿಂತ ಕೆಳಗಿಳಿದರೆ ರೆಸಿನ್ ಎಂದಿಗೂ ಪೂರ್ತಿ ಬಲಿಯುವುದಿಲ್ಲ.

ಮುಂಭಾಗದ ಸೀಳಿಗೆ ಬಿಳಿ ಜೆಲ್‌ಕೋಟ್ (ಬಣ್ಣದ ಮೇಲ್ಪದರ) ತುಂಬಿ ಮೇಲೆ ಪಾರದರ್ಶಕ ಹಾಳೆ ಹೊದಿಸುತ್ತಾರೆ. ಇಲ್ಲವಾದರೆ ಗಾಳಿ ತಾಗಿ ಪಾಲಿಯೆಸ್ಟರ್ ರೆಸಿನ್ನಿನ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಗಟ್ಟಿಯಾದ ಮೇಲೆ 220ರಿಂದ ಆರಂಭಿಸಿ 1200 ನಂಬರಿನವರೆಗೆ ವಾಟರ್ ಪೇಪರಿನಲ್ಲಿ ಉಜ್ಜಿದರೆ ಜೋಡಣೆಯ ಗೆರೆ ಕಾಣದಂತಾಗುತ್ತದೆ.

ಎಬಿಎಸ್ ಟ್ರೇಗೆ ಈ ಮದ್ದು ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಾಡಿದ ಗಟ್ಟಿ ಸರಿಯಿಂದ ಬಿರುಕು ತುಂಬಿ, ಹಿಂಬದಿಗೆ ಎಬಿಎಸ್ ಪಟ್ಟಿ ಅಂಟಿಸಬೇಕು. ಪ್ಲಾಸ್ಟಿಕ್ ಕಡ್ಡಿಯಿಂದ ವೆಲ್ಡಿಂಗ್ ಮಾಡುವ ದಾರಿಯೂ ಇದೆ. ಬೈಕಿನ ಒಡೆದ ಪ್ಲಾಸ್ಟಿಕ್ ಭಾಗಗಳನ್ನು ಬಿಸಿಗಾಳಿಯಿಂದ ಬೆಸೆಯುವವರಿಗೆ ಅದು ಹೊಸದೇನಲ್ಲ.

ಕೊನೆಯದು ಆಸರೆ. ಮನೆಯ ಬಚ್ಚಲಿನಲ್ಲಾದರೆ ಟ್ರೇ ಕೆಳಗೆ ಸಿಮೆಂಟ್ ಗಾರೆ ತುಂಬಬಹುದು. ಗಾಡಿಗೆ ಅದು ಭಾರ, ಕುಲುಕಾಟಕ್ಕೆ ಪುಡಿಯಾಗುತ್ತದೆ. ಮರೈನ್ ಪ್ಲೈ ಪಟ್ಟಿಗಳನ್ನು ಟ್ರೇಯ ಇಳಿಜಾರಿಗೆ ಸರಿಯಾಗಿ ಕೆತ್ತಿ, ತುಸು ಬಳುಕುವ ಪಿಯು (ಪಾಲಿಯುರೇಥೇನ್) ಅಂಟಿನಿಂದ ತಳಕ್ಕೆ ಹಿಡಿಸುವುದು ಸರಿ. ನೀರಿನ ತೂತಿಗೆ ಹೊಸ ರಬ್ಬರ್ ವಾಷರ್ ಹಾಕಿ, ಅಂಚಿಗೆ ಹೊಸ ಸಿಲಿಕೋನ್ ಎಳೆದು, ಕೆಲವು ದಿನ ಬಲಿಯಲು ಬಿಟ್ಟು, ಮತ್ತೆ ಅದೇ ಎರಡು ಇಂಚು ನೀರಿನ ಪರೀಕ್ಷೆ ಮಾಡಬೇಕು. ಕಾಲಿಟ್ಟಾಗ ಟ್ರೇ ಒಂದಿಷ್ಟೂ ತಗ್ಗದಿದ್ದರೆ ಕೆಲಸ ಗೆದ್ದಿತು.

ಕೆಲಸಗಾರನ ಕಣ್ಣು, ಶ್ವಾಸ

ಈ ಕಸುಬಿನ ಅಪಾಯಗಳು ಕಣ್ಣಿಗೆ ಕಾಣುವುದಿಲ್ಲ. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿ ತಲೆ ಸುತ್ತಿಸುತ್ತದೆ. ಉಜ್ಜುವಾಗ ಹಾರುವ ಗಾಜಿನ ದೂಳು ಚರ್ಮ, ಗಂಟಲು, ಶ್ವಾಸಕೋಶಗಳನ್ನು ಕೆರಳಿಸುತ್ತದೆ. ಹಾರ್ಡ್‌ನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕ್ಷಣದಿಂದ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಾ ಆಸ್ಪತ್ರೆಗೆ ಧಾವಿಸಬೇಕು. ರೆಸಿನ್ ಬಲಿಯುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನೂ ಹಾರ್ಡ್‌ನರನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಕೋಬಾಲ್ಟ್ ಮೊದಲು ರೆಸಿನ್‌ನಲ್ಲಿ ಪೂರ್ತಿ ಬೆರೆಯಬೇಕು, ಹಾರ್ಡ್‌ನರ್ ಆಮೇಲೆ. ಮೂಗಿಗೆ ಕಟ್ಟಿದ ಟವೆಲ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಜೊತೆಗೆ ಕನ್ನಡಕ, ಕೈಗವಸು, ಗಾಳಿಯಾಡುವ ಜಾಗ.

ಇಷ್ಟೆಲ್ಲ ಶ್ರಮ ಯಾಕೆ, ಕಿತ್ತೆಸೆದು ಹೊಸದು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಒಮ್ಮೆ ಬಲಿತ ಪಾಲಿಯೆಸ್ಟರ್ ಮತ್ತೆ ಕರಗುವುದಿಲ್ಲ. ಕಬ್ಬಿಣದಂತೆ ಗುಜರಿಗೆ ಹಾಕಿ ಇನ್ನೊಂದು ರೂಪ ಕೊಡಲಾಗದು. ಎಸೆದದ್ದು ತಿಪ್ಪೆಯಲ್ಲಿ ದಶಕಗಳ ಕಾಲ ಹಾಗೇ ಬಿದ್ದಿರುತ್ತದೆ, ಸುಟ್ಟರೆ ವಿಷದ ಹೊಗೆ. ರಿಪೇರಿಯೇ ಇದಕ್ಕೆ ಅತ್ಯಂತ ಮರ್ಯಾದೆಯ ದಾರಿ.

ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಕೇಂದ್ರವಿದೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಶೆಡ್ಡುಗಳಲ್ಲಿ ಕೈಯಿಂದ ಕೈಗೆ ಕಲಿತ ಹುಡುಗರಿಗೆ ಅಲ್ಲಿನ ತಿಳಿವಳಿಕೆ ನಾಲ್ಕಾರು ದಿನಗಳ ತರಬೇತಿಯಾಗಿ ಅವರಿರುವಲ್ಲಿಗೇ ಬರಬೇಕು. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ ಪ್ರವಾಸೋದ್ಯಮದ ಮೇಲೆ ಭರವಸೆ ಇಟ್ಟಿದೆ. ಆ ಭರವಸೆಯಲ್ಲಿ ಹೆದ್ದಾರಿ ಬದಿಯ ಮೇಸ್ತ್ರಿಗಳಿಗೂ ಪಾಲು ಸಿಗಲಿ.

ಓದುಗರಲ್ಲಿ ಒಂದು ಮಾತು. ನಿಮ್ಮ ಗಾಡಿಯದೋ ಮನೆಯದೋ ಫೈಬರ್ ಸಾಮಾನು ಸೀಳಿದ್ದರೆ ಬಿಸಾಡುವ ಮೊದಲು ಫೈಬರ್ ಕೆಲಸದವರಿಗೆ ತೋರಿಸಿ. ಮೇಲಿನ ಬಿರುಕಿನ ಜೊತೆಗೆ ಕೆಳಗಿನ ಆಸರೆಯನ್ನೂ ನೋಡಲು ಹೇಳಿ. ಕೆಲಸ ಬಲಿಯಲು ಬೇಕಾದಷ್ಟು ದಿನ ಕೊಡಿ. ಕೂಲಿ ಮಾತಾಡುವಾಗ ಒಂದು ಒಳ್ಳೆಯ ಮಾಸ್ಕಿನ ಬೆಲೆಯನ್ನೂ ಸೇರಿಸಿ ಕೊಡಿ.