ಯೂಸುಫ್, ಯೋಸೇಫ, ಜುಜೆ: ಒಂದೇ ಹೆಸರು ಬಂದ ದಾರಿಗಳು

ಇಳಕಲ್ಲಿನಲ್ಲಿ ಯೂಸುಫ್‌ಸಾಬ ಅನ್ನಿಸಿಕೊಳ್ಳುವವರದೂ, ಗುಳೇದಗುಡ್ಡದ ಚರ್ಚಿನಲ್ಲಿ ಯೋಸೇಫ ಎಂದು ದೀಕ್ಷಾಸ್ನಾನ ಪಡೆದವರದೂ, ಮಂಗಳೂರಿನ ಕೊಂಕಣಿ ಮನೆಯ ಜುಜೆಯದೂ ಮೂಲದಲ್ಲಿ ಒಂದೇ ಹೆಸರು. ಅದು ಹುಟ್ಟಿದ್ದು ಹೀಬ್ರೂ ಭಾಷೆಯಲ್ಲಿ. ಬೈಬಲಿನ ಆದಿಕಾಂಡದ 30ನೇ ಅಧ್ಯಾಯದಲ್ಲಿ, ಬಹುಕಾಲ ಮಕ್ಕಳಿಲ್ಲದೆ ಕೊರಗಿದ ರಾಹೇಲಳಿಗೆ ಕೊನೆಗೂ ಗಂಡು ಹುಟ್ಟುತ್ತದೆ. ದೇವರು ಇನ್ನೊಬ್ಬ ಮಗನನ್ನೂ ಕೊಡಲಿ ಎಂಬ ಆಸೆಯಿಂದ ಆಕೆ ಕೂಸಿಗೆ ‘ಇನ್ನೂ ಕೂಡಿಸಲಿ’ ಎಂಬ ಅರ್ಥದ ಹೆಸರಿಡುತ್ತಾಳೆ. ಮುಂದೆ ಅಣ್ಣಂದಿರೇ ಗುಂಡಿಗೆ ದೂಡಿ, ಗುಲಾಮನಾಗಿ ಮಾರಿದರೂ ಈಜಿಪ್ಟಿನಲ್ಲಿ ದೊಡ್ಡ ಅಧಿಕಾರಕ್ಕೇರಿದವನು ಇವನೇ. ಕುರಾನಿನ 12ನೇ ಅಧ್ಯಾಯ ಬಹುತೇಕ ಇವನ ಕಥೆ. ಅದರ ಹೆಸರೂ ಯೂಸುಫ್.

ನಮ್ಮ ಸೀಮೆಗೆ ಅರಬ್ಬಿ, ಪಾರಸಿ, ದಖನಿಗಳ ಮೂಲಕ ಬಂದ ರೂಪ ಅದು. 1490ರಲ್ಲಿ ವಿಜಾಪುರದಲ್ಲಿ ಸ್ವತಂತ್ರ ಆಳ್ವಿಕೆ ಕಟ್ಟಿದವನೇ ಯೂಸುಫ್ ಆದಿಲ್ ಶಾ. ಆ ವಂಶದ ಮುಂದಿನ ಹೆಸರುಗಳನ್ನು ನೋಡಿ: ಇಸ್ಮಾಯಿಲ್, ಇಬ್ರಾಹಿಂ. ಬೈಬಲಿನ ಯೋಸೇಫನಿಗೆ ಅಬ್ರಹಾಮ ಮುತ್ತಜ್ಜ, ಇಷ್ಮಾಯೇಲ ಅಜ್ಜನ ಅಣ್ಣ. ಒಂದೇ ಮನೆತನದ ಹೆಸರುಗಳು ವಿಜಾಪುರದ ಗಾದಿಯ ಮೇಲೂ ಕುಳಿತವು.

ಗೋವೆಯೂ ಆಗ ಯೂಸುಫನ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದರು. ಯೂಸುಫ್ ತೀರಿಕೊಂಡದ್ದೂ ಅದೇ ವರ್ಷ. ಅವನ ಹೆಸರೇ ಪೋರ್ಚುಗೀಸರ ಬಾಯಲ್ಲಿ ಜೋಸೆ ಆಗಿ ಅದೇ ಊರಿಗೆ ಮತ್ತೆ ಬಂತು, ಕೊಂಕಣಿಯಲ್ಲಿ ಜುಜೆ ಆಯಿತು. ಚರಿತ್ರೆಯ ಈ ತಿರುವು ನನಗೆ ಬಹಳ ಇಷ್ಟ.

ಯಕಾರ ಜಕಾರವಾದದ್ದು ಹೇಗೆ? ಹೀಬ್ರೂವಿನ ಯ ಗ್ರೀಕ್ ದಾಟಿ ಲ್ಯಾಟಿನ್ ಸೇರುವವರೆಗೂ ಯಕಾರದ ಉಚ್ಚಾರದಲ್ಲೇ ಇತ್ತು. ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಲ್ಲಿ ಆ ಧ್ವನಿ ಜಕಾರದತ್ತ ಸರಿಯಿತು. ಇಟಲಿಯಲ್ಲಿ ಜುಸೆಪ್ಪೆ, ಫ್ರೆಂಚರ ಮೂಲಕ ಇಂಗ್ಲಿಷರಿಗೆ ಜೋಸೆಫ್. ಸ್ಪೇನಿನಲ್ಲಿ ಇನ್ನೂ ಮುಂದೆ ಹೋಗಿ ಹೊಸೆ ಆಯಿತು. ಅರಬ್ಬಿ ಮತ್ತು ಜರ್ಮನ್ ಯಕಾರವನ್ನು ಬಿಡಲಿಲ್ಲ. ಯಾಕೂಬ್, ಯಾಕೋಬ, ಜೇಕಬ್; ಯಹ್ಯಾ, ಯೋಹಾನ, ಜಾನ್ ಇವೂ ಹೀಗೆಯೇ. ಜಕಾರ ಕಂಡರೆ ಆ ಹೆಸರು ಯುರೋಪು ಸುತ್ತಿ ಬಂದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಕರಾವಳಿಯ ಬ್ಯಾರಿಗಳಲ್ಲಿ ಯೂಸುಫ್ ಇಸುಬು ಆಗಿದ್ದಾನೆ; ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಔಸೇಪ್.

ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಬಂದದ್ದು 1851ರಲ್ಲಿ. ಕನ್ನಡ ಬೈಬಲು ಯೋಸೇಫ ಎಂಬ ರೂಪವನ್ನೇ ಇಟ್ಟುಕೊಂಡಿತು, ಜರ್ಮನ್ ಮಾತಾಡುವ ಪಾದ್ರಿಗಳಿಗೂ ಯಕಾರ ಸಹಜ. ಆದರೆ ನಮ್ಮವರು ಹೊರಗಿನ ಹೆಸರನ್ನು ಬರಿದೇ ಬಿಡುವವರಲ್ಲ, ಸಾಬ, ಅಪ್ಪ, ಅವ್ವ ಸೇರಿಸಿ ಮನೆಯದಾಗಿಸುತ್ತಾರೆ. ಸರ್ವಜ್ಞನ ವಚನಗಳನ್ನು ಸಂಪಾದಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ತಂದೆಯ ಹೆಸರು ದಾನಿಯೇಲಪ್ಪ.

ಹೆಸರು ಒಂದೇ ಆದರೂ ನೆನಪು ಒಂದೇ ಅಲ್ಲ. ಮುಸ್ಲಿಮರು ಮಗನಿಗೆ ಯೂಸುಫ್ ಎಂದಿಡುವಾಗ ಚೆಲುವಿಗೆ, ಕನಸಿನ ಅರ್ಥ ಹೇಳುವುದಕ್ಕೆ ಹೆಸರಾದ ಪ್ರವಾದಿಯನ್ನು ನೆನೆಯುತ್ತಾರೆ. ಕ್ಯಾಥೊಲಿಕರ ಜೋಸೆಫ್ ಮುಖ್ಯವಾಗಿ ಮರಿಯಳ ಗಂಡ, ಬಡಗಿ ಸಂತ ಜೋಸೆಫ್. ಅವನ ಹಬ್ಬ ಮಾರ್ಚ್ 19.

ಬರೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಅರಬ್ಬಿ, ಉರ್ದು ಲಿಪಿಗಳಲ್ಲಿ ‘ಯೂ’ ದೀರ್ಘಕ್ಕೆ ಪ್ರತ್ಯೇಕ ಅಕ್ಷರವಿದೆ, ‘ಸು’ವಿನ ಹ್ರಸ್ವ ಉಕಾರಕ್ಕೆ ಇಲ್ಲ. ಹೀಗಾಗಿ ಯೂಸುಫ್ ಎಂಬುದೇ ಮೂಲಕ್ಕೆ ಹತ್ತಿರ. ಯುಸೂಫ್, ಯೂಸೂಫ್ ಅಲ್ಲ. ಕೂಸಿನ ಜನನ ಪ್ರಮಾಣಪತ್ರ ಮಾಡಿಸುವಾಗಲೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಕಾಗುಣಿತ ಗಟ್ಟಿ ಮಾಡಿಕೊಳ್ಳಿ. ಸಾಬ ಸೇರಿಸಬೇಕೋ ಬೇಡವೋ, ಸೇರಿಸಿದರೆ ಕೂಡಿಸಿಯೋ ಬಿಡಿಸಿಯೋ ಎಂಬುದನ್ನೂ ಆಗಲೇ ತೀರ್ಮಾನಿಸಿ. ಆಧಾರ್‌ನಲ್ಲಿಯೂ ಶಾಲೆಯ ದಾಖಲಾತಿಯಲ್ಲಿಯೂ ಅದೇ ಇರಲಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲೆಯವರು ಹೆಸರು ಕಳಿಸುವ ಮುಂಚೆ ಇನ್ನೊಮ್ಮೆ ಕೇಳಿ ಓದಿ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ಒಂದು ಕೊಂಬು ತಿದ್ದಿಸಲೂ ಕಚೇರಿ ಅಲೆಯಬೇಕಾಗುತ್ತದೆ.