ವಿಮಾನ ನಿಲ್ದಾಣದಿಂದ ಮಡಿಕೇರಿಗೆ: ಬಾಡಿಗೆ ಕಾರಿನ ವಿಚಾರ



ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಡಿಕೇರಿ ನೋಡಲು ವಿಮಾನದಲ್ಲಿ ಬರುವವರು ಕೊನೆಯ ಹಾದಿಯನ್ನು ಕಾರಿನಲ್ಲೇ ಕ್ರಮಿಸಬೇಕು. ನಮ್ಮಲ್ಲಿ ಹಲವರು ಹೋಂಸ್ಟೇ ನಡೆಸುತ್ತಿರುವುದರಿಂದ, ಅತಿಥಿಗಳನ್ನು ಕರೆತರುವ ಹೊಣೆ ಈಗ ಬೆಳೆಗಾರರ ಮೇಲೂ ಬೀಳುತ್ತಿದೆ. ಈ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ದಾರಿಗಳು ಮುಖ್ಯವಾಗಿ ಮೂರು. 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರು ನಿಲ್ದಾಣವು ಮಟ್ಟನ್ನೂರಿನಲ್ಲಿದ್ದು, ಇರಿಟ್ಟಿ, ಮಾಕುಟ್ಟ, ವಿರಾಜಪೇಟೆ ಮಾರ್ಗವಾಗಿ ಮಡಿಕೇರಿಗೆ ಸುಮಾರು 90 ಕಿಲೋಮೀಟರ್. ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆ ಮೂಲಕ ಸುಮಾರು 140 ಕಿಲೋಮೀಟರ್. ಬೆಂಗಳೂರಿನ ದೇವನಹಳ್ಳಿಯಿಂದಾದರೆ ಇಡೀ ದಿನದ ಪ್ರಯಾಣವೆಂದೇ ಎಣಿಸಬೇಕು.

ಮುಖ್ಯ ವಿಷಯ ನಂಬರ್ ಫಲಕದ್ದು. ಹಳದಿ ಫಲಕದ ಮೇಲೆ ಕಪ್ಪು ಅಕ್ಷರವಿರುವ ಕಾರು ಬಾಡಿಗೆಗೆ. ಬಿಳಿ ಫಲಕದ್ದು ಸ್ವಂತ ಉಪಯೋಗಕ್ಕೆ. (ವಿದ್ಯುತ್ ಕಾರಿನ ಫಲಕ ಹಸಿರು, ಬಾಡಿಗೆಯದಾದರೆ ಅಕ್ಷರ ಹಳದಿ.) ಡಿಸೆಂಬರ್–ಜನವರಿಯಲ್ಲಿ ಕಾಫಿ ಕೊಯ್ಲೂ ಅತಿಥಿಗಳ ನೂಕುನುಗ್ಗಲೂ ಒಟ್ಟಿಗೇ ಬರುತ್ತವೆ. ಆಗ ಟ್ಯಾಕ್ಸಿ ಸಿಗದೆ, ಮನೆಯ ಜೀಪನ್ನೇ ಕಳುಹಿಸಿ ಡೀಸೆಲ್ ಖರ್ಚಿನ ಮೇಲೆ ನಾಲ್ಕು ಕಾಸು ಪಡೆಯುವ ರೂಢಿ ಕೆಲವೆಡೆ ಇದೆ. ಇದು ಬಹಳ ಅಪಾಯದ ವ್ಯವಹಾರ.

1988ರ ಮೋಟಾರು ವಾಹನ ಕಾಯಿದೆಯಂತೆ ಬಾಡಿಗೆಗೆ ಓಡುವ ವಾಹನಕ್ಕೆ ಪರವಾನಗಿ ಬೇಕು. ಇಲ್ಲದಿದ್ದರೆ, 2019ರ ತಿದ್ದುಪಡಿಯ ಪ್ರಕಾರ, ಮೊದಲ ಅಪರಾಧಕ್ಕೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸ ವಿಧಿಸಬಹುದು. ದಂಡಕ್ಕಿಂತಲೂ ವಿಮೆಯ ಪ್ರಶ್ನೆ ದೊಡ್ಡದು. ಸ್ವಂತ ಕಾರಿನ ಪಾಲಿಸಿಯಲ್ಲಿ, ಬಾಡಿಗೆಗೆ ಓಡಿಸಿದರೆ ಅನ್ವಯಿಸದು ಎಂಬ ಷರತ್ತು ಇರುತ್ತದೆ. ಪಾಲಿಸಿ ತೆಗೆದು ಓದಿನೋಡಿ. ಘಾಟಿಯ ತಿರುವಿನಲ್ಲಿ ಅಪಘಾತವಾದರೆ, ವಿಮಾ ಕಂಪನಿಯು ಗಾಯಾಳುವಿಗೆ ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ಪ್ರಕರಣಗಳಿವೆ. ಎರಡು-ಮೂರು ಎಕರೆಯ ಬೆಳೆಗಾರನ ತೋಟವೇ ಅದಕ್ಕೆ ಈಡಾಗಬಹುದು. ಕಾರಿನ ಹಣವನ್ನು ಕೋಣೆಯ ಬಾಡಿಗೆಯಲ್ಲಿ ಸೇರಿಸಿದರೂ ಅದನ್ನು ಬಾಡಿಗೆಯೆಂದೇ ವಾದಿಸಲು ಅವಕಾಶವಿದೆ. ನೆಂಟರಿಷ್ಟರನ್ನು ಹಣ ಪಡೆಯದೆ ಕರೆತರುವುದಕ್ಕೆ ಈ ತೊಡಕಿಲ್ಲ.

ಆದುದರಿಂದ ಹಳದಿ ಫಲಕದ ಕಾರನ್ನೇ ಗೊತ್ತುಮಾಡಿ. ಮೊದಲೇ ಕೇಳಬೇಕಾದ್ದು ಇಷ್ಟು:

1. ಕಾರು ಒಂದು ಕಡೆ ಖಾಲಿ ಓಡುವುದರಿಂದ ದರ ಎರಡೂ ಕಡೆಗೋ, ಒಂದೇ ಕಡೆಗೋ?

2. ಟೋಲ್, ನಿಲುಗಡೆ ಶುಲ್ಕ, ಚಾಲಕನ ಬತ್ತೆ, ರಾತ್ರಿಯ ಹೆಚ್ಚುವರಿ ಇವು ಸೇರಿವೆಯೇ?

3. ವಿಮಾನ ತಡವಾದರೆ ಕಾಯುವಿಕೆಗೆ ಎಷ್ಟು?

4. ಕಣ್ಣೂರಿಗಾದರೆ, ಕೇರಳದೊಳಗೆ ಹೋಗಲು ಬೇಕಾದ ಪರವಾನಗಿ, ತೆರಿಗೆ ಸರಿಯಾಗಿವೆಯೇ?

ಒಪ್ಪಿದ ಮೊತ್ತವನ್ನು ಬರೆದು, ಕಾರಿನ ನಂಬರಿನೊಡನೆ ಅತಿಥಿಗೂ ಮುಂಚಿತವಾಗಿ ತಿಳಿಸಿದರೆ ಮನೆಬಾಗಿಲಲ್ಲಿ ತಕರಾರು ಹುಟ್ಟುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಘಾಟಿಯ ಸ್ಥಿತಿ ವಿಚಾರಿಸಿ, ಹಗಲಿನಲ್ಲೇ ಘಾಟಿ ದಾಟುವಂತೆ ವಿಮಾನದ ವೇಳೆಯನ್ನು ಆರಿಸಿಕೊಳ್ಳಲು ಅತಿಥಿಗಳಿಗೆ ಸೂಚಿಸಿರಿ.

— ಕಾರ್ಯದರ್ಶಿ